ಬಿಸಿಲಿನ ಜಮಾಖರ್ಚು

ಸೂರ್ಯನು ಬಡವ ಬಲ್ಲಿದರೆಂಬ ಭೇದವಿಲ್ಲದೆ ಎಲ್ಲರಿಗೂ ಸಮನಾಗಿ ಬೆಳಕನ್ನು ಹಂಚುತ್ತಾನೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಈ ಮಾತು ನಿಜವೇ ಆದರೂ ಮುಂಬಯಿಯಂಥ ಮಹಾನಗರದಲ್ಲಿ ಆತನ ಹಂಚಿಕೆಗೂ ಅಡ್ಡಿಗಳುಂಟು. ಮುಗಿಲು ಮುಟ್ಟುವ ಕಟ್ಟಡಗಳ ಬುಡದಲ್ಲಿರುವ ಚಾಳಿಗೆ ಮಧ್ಯಾಹ್ನ ಹನ್ನೆರಡಕ್ಕೆ ಬೆಳಗಾಗಿ, ಒಂದು ಗಂಟೆಗೆ ಸಂಜೆಯಾಗುತ್ತದೆ. ಇಂಥ ಊರಿನಲ್ಲಿ ತಲೆಯ ಮೇಲೆ ಮುನ್ನೂರು ಚದರ ಅಡಿಗಳಷ್ಟು ಸ್ವಂತ ಮಾಳಿಗೆಯೂ, ಅದರ ಮೇಲೆ ದಿನವಿಡೀ ಬೀಳುವ ಬಿಸಿಲೂ ಉಳ್ಳವರನ್ನು ಭಾಗ್ಯವಂತರೆಂದೇ ಕರೆಯಬೇಕು. ಆ ಭಾಗ್ಯ ನಮ್ಮದಾಗಿದೆ. ಆದರೆ ಅದನ್ನು ಭಾಗ್ಯವೆಂದು ತಿಳಿಯಲು ನಮಗೆ ಹತ್ತಾರು ವರ್ಷಗಳು ಬೇಕಾದವು. ಅಲ್ಲಿಯವರೆಗೆ ಮಾಳಿಗೆಯೆಂದರೆ ಬೇಸಗೆಯಲ್ಲಿ ಕೋಣೆಗಳನ್ನು ಕಾಯಿಸುವ ಹಂಚು, ಸಂಡಿಗೆ ಹಪ್ಪಳಗಳನ್ನು ಒಣಗಿಸುವ ಜಾಗ, ಇಷ್ಟೇ ಆಗಿತ್ತು.

ನಮ್ಮ ಮನೆಯು ಕಲ್ಯಾಣದಿಂದಾಚೆಗೆ ಇದೆ. ಎರಡು ಕೋಣೆ, ಒಂದು ಅಡಿಗೆಮನೆ. ನಾವು ಎಂದರೆ ನಾಲ್ವರು: ದಂಪತಿಗಳಿಬ್ಬರು, ಲೋಕಲ್ ಗಾಡಿ ಹಿಡಿದು ಈ ಶಾಲೆಗೆ ಬಂದು ಹತ್ತನೆಯ ತರಗತಿಯಲ್ಲಿ ಓದುವ ಮಗಳು, ವಿಜಯಪುರದ ಕಡೆಯ ಹಳ್ಳಿಯಿಂದ ಬಂದು ನಮ್ಮೊಡನೆ ನೆಲೆಸಿರುವ ವೃದ್ಧ ತಾಯಿಯವರು. ಊರು ಬೆಳೆದಂತೆ ದೀಪಗಳೂ ಯಂತ್ರಗಳೂ ಹೆಚ್ಚಿದವು. ಅದರ ಜೊತೆಗೆ ವಿದ್ಯುತ್ತು ಹೋಗುವುದೂ ಹೆಚ್ಚಿತು. ಬೇಸಗೆಯಲ್ಲಿ ಸಂಜೆ ಏಳರ ಸುಮಾರಿಗೆ ಹೋದರೆ ಒಂಬತ್ತಕ್ಕೆ ಬಂದೀತು. ಮಳೆಗಾಲದಲ್ಲಿ ಗಾಳಿ ಬೀಸಿದ ರಾತ್ರಿ ಬಾರದೆಯೇ ಇದ್ದೀತು. ಮಗಳು ಪುಸ್ತಕ ತೆರೆಯುವ ಹೊತ್ತೂ ಅದೇ. ತಾಯಿಯವರಿಗೆ ಉಬ್ಬಸದ ಬಾಧೆ. ಪಂಖೆ ನಿಂತೊಡನೆ ಅವರು ಎದ್ದು ಕುಳಿತು ಬಾಗಿಲ ಬಳಿ ಉಸಿರಿಗಾಗಿ ಕಾಯುತ್ತಿದ್ದರು.

ಕಳೆದ ವರ್ಷದ ಮಾರ್ಚಿನಲ್ಲಿ ನಮ್ಮ ಭಿಶಿಯ ಹಣ ಕೈಗೆ ಬಂದಿತು: ಇಪ್ಪತ್ತೆರಡು ಸಾವಿರ ರೂಪಾಯಿ. ಎರಡು ವರ್ಷ ತಿಂಗಳು ತಿಂಗಳೂ ಕಟ್ಟಿದ ಹಣ. ಅದನ್ನು ಮಗಳ ಖಾಸಗಿ ಕ್ಲಾಸಿನ ಶುಲ್ಕಕ್ಕೆಂದು ಎತ್ತಿಟ್ಟಿದ್ದೆವು. ಆಗ ಆಕೆಯೇ, “ಕ್ಲಾಸು ಬ್ಯಾಡ ಅಪ್ಪಾ. ಶಾಲಿಯೊಳಗ ಹೇಳಿಕೊಟ್ಟದ್ದು ಸಾಕು. ಓದಲಿಕ್ಕೆ ದೀಪ, ಅಜ್ಜಿಗೆ ಪಂಖಾ, ಇವೆರಡು ಇದ್ದರ ಆತು” ಎಂದಳು. ಎಳೆಯ ಮಗುವಿನ ಮಾತಿನ ಮೇಲೆ ಒಂದು ವರ್ಷದ ವಿದ್ಯೆಯನ್ನು ಪಣಕ್ಕಿಡುವುದು ಸಣ್ಣ ವಿಷಯವೇನಲ್ಲ. ನಾವು ಒಂದು ವಾರ ಯೋಚಿಸಿದೆವು. ಕೊನೆಗೆ, ಹಣವನ್ನು ಬಿಸಿಲಿಗೆ ಹಾಕುವುದೆಂದು ನಿಶ್ಚಯಿಸಿದೆವು.

ಈ ನಿಶ್ಚಯವನ್ನು ತಾಯಿಯವರಿಗೆ ತಿಳಿಸಿದಾಗ ಅವರು ಕೇಳಿದ ಪ್ರಶ್ನೆ ಇದು: “ಬಿಸಲು ಪುಕ್ಕಟ ಅಂತೀಯಲ್ಲೋ, ಮತ್ತ ಈ ರೊಕ್ಕ ಯಾತಕ್ಕ?” ಹಗಲಿನ ಬಿಸಿಲನ್ನು ಹಿಡಿಯಲು ಫಲಕ ಬೇಕು, ರಾತ್ರಿಗೆ ಕೂಡಿಡಲು ಬ್ಯಾಟರಿ ಬೇಕು, ಸಾಗಿಸಲು ತಂತಿ ಬೇಕು ಎಂದು ವಿವರಿಸಿದೆವು. ಅವರು ಸ್ವಲ್ಪ ಯೋಚಿಸಿ, “ಹಂಗಾದರ ಬಾವ್ಯಾಗಿನ ನೀರಿನಂಗ ಅನ್ನು. ನೀರು ಪುಕ್ಕಟ, ಹಗ್ಗಾ ಕೊಡಾ ರೊಕ್ಕಕ್ಕ” ಎಂದರು. ಈ ವಿಷಯವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಿದ ಪುಸ್ತಕವನ್ನು ನಾವು ಕಾಣೆವು.

ಬಿಸಿಲಿನಿಂದ ವಿದ್ಯುತ್ತನ್ನು ಪಡೆಯಲು ಎರಡು ದಾರಿಗಳಿವೆ. ಮೊದಲನೆಯದು, ಮಾಳಿಗೆಯ ಫಲಕಗಳನ್ನು ಊರಿನ ವಿದ್ಯುಜ್ಜಾಲಕ್ಕೆ ಜೋಡಿಸಿ, ಹೆಚ್ಚಾದದ್ದನ್ನು ಅದಕ್ಕೆ ಕೊಟ್ಟು, ಬೇಕಾದಾಗ ಹಿಂದಕ್ಕೆ ಪಡೆಯುವುದು. ಕೇಂದ್ರ ಸರಕಾರವು 2024ರ ಫೆಬ್ರವರಿಯಲ್ಲಿ ಆರಂಭಿಸಿದ ಸೂರ್ಯಘರ್ ಯೋಜನೆಯು ಇದಕ್ಕೆ ಸಹಾಯಧನವನ್ನು ಗೊತ್ತುಪಡಿಸಿತು: ಒಂದು ಕಿಲೋವ್ಯಾಟಿಗೆ 30,000 ರೂಪಾಯಿ, ಎರಡಕ್ಕೆ 60,000, ಮೂರು ಹಾಗೂ ಅದಕ್ಕೂ ಮೇಲ್ಪಟ್ಟದ್ದಕ್ಕೆ 78,000. ಒಂದು ಕಿಲೋವ್ಯಾಟಿನ ಫಲಕಗಳು ದಿನಕ್ಕೆ ಸುಮಾರು ನಾಲ್ಕು ಯೂನಿಟ್ಟು ಕೊಡುತ್ತವೆ. ಮನೆಯ ಬಿಲ್ಲು ನಿಜವಾಗಿಯೂ ಇಳಿಯುತ್ತದೆ. ಆದರೆ ಈ ಕೆಲಸವನ್ನು ನೋಂದಾಯಿತ ಸಂಸ್ಥೆಯವರೇ ಮಾಡಬೇಕು. ನಮ್ಮ ಕೈಯಿಂದ ಮಾಡುವಂತಿಲ್ಲ. ಸಹಾಯಧನವನ್ನು ಕಳೆದ ಮೇಲೂ ಉಳಿಯುವ ಖರ್ಚು ನಮ್ಮ ಅಳವಿಗೆ ಮೀರಿದ್ದಾಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಬ್ಯಾಟರಿಯಿಲ್ಲದ ಇಂಥ ವ್ಯವಸ್ಥೆಯು ಊರಿನ ವಿದ್ಯುತ್ತು ಹೋದೊಡನೆ ತಾನೂ ನಿಂತುಬಿಡುತ್ತದೆ. ಕಂಬದ ಮೇಲೆ ದುರಸ್ತಿಗೆಂದು ಹತ್ತಿದವನಿಗೆ ನಮ್ಮ ಮಾಳಿಗೆಯ ವಿದ್ಯುತ್ತು ತಗುಲಿ ಅಪಾಯವಾಗಬಾರದೆಂದು ಈ ಏರ್ಪಾಡು. ನ್ಯಾಯವಾದದ್ದೇ. ಆದರೆ ನಮಗೆ ದೀಪ ಬೇಕಾದದ್ದು ಆ ಹೊತ್ತಿನಲ್ಲಿಯೇ. ಆದ್ದರಿಂದ ನಾವು ಎರಡನೆಯ ದಾರಿಯನ್ನು ಹಿಡಿದೆವು: ಊರಿನ ತಂತಿಗೆ ಎಲ್ಲಿಯೂ ಸೋಕದ, ಕೇವಲ ಹನ್ನೆರಡು ವೋಲ್ಟಿನ, ಪ್ರತ್ಯೇಕವಾದ ಒಂದು ಚಿಕ್ಕ ವ್ಯವಸ್ಥೆ.

ಅಂಗಡಿಗೆ ಹೋಗುವ ಮೊದಲು ಮಗಳ ಪಟ್ಟಿಯ ಹಾಳೆಯ ಮೇಲೆ ಲೆಕ್ಕ ಮಾಡಿದೆವು. ಒಂಬತ್ತು ವ್ಯಾಟಿನ ಮೂರು ದೀಪಗಳು ದಿನಕ್ಕೆ ನಾಲ್ಕು ಗಂಟೆ ಉರಿದರೆ 108 ವ್ಯಾಟ್-ಗಂಟೆ. ನಮ್ಮ ಹಳೆಯ ಪಂಖೆ 75 ವ್ಯಾಟಿನದು. ಅದು ಎಂಟು ಗಂಟೆ ತಿರುಗಿದರೆ ಅದೊಂದೇ 600 ತಿನ್ನುತ್ತಿತ್ತು. ಹನ್ನೆರಡು ವೋಲ್ಟಿನ ಹೊಸ ಪಂಖೆಗೆ 28 ವ್ಯಾಟು ಸಾಕು. ಎಂಟು ಗಂಟೆಗೆ 224. ಎರಡು ಮೊಬೈಲುಗಳಿಗೆ 20. ಒಟ್ಟು 352. ಸಾವಿರ ವ್ಯಾಟ್-ಗಂಟೆಗೆ ಒಂದು ಯೂನಿಟ್ಟೆನ್ನುವುದಾದರೆ, ನಮ್ಮ ಮುಖ್ಯ ಅಗತ್ಯವೆಲ್ಲ ಸೇರಿ ಯೂನಿಟ್ಟಿನ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು! ಇಸ್ತ್ರಿಪೆಟ್ಟಿಗೆಯು ಒಂದು ಗಂಟೆಯಲ್ಲಿ ನುಂಗುವ ವಿದ್ಯುತ್ತಿನಲ್ಲಿ ಈ ದೀಪಗಳೂ ಪಂಖೆಯೂ ಸುಮಾರು ಮೂರು ದಿನ ನಡೆಯುತ್ತವೆ. ಆದುದರಿಂದ ಇಸ್ತ್ರಿ, ಮಿಕ್ಸರ್, ತಂಪುಪೆಟ್ಟಿಗೆಗಳನ್ನು ಊರಿನ ವಿದ್ಯುತ್ತಿಗೇ ಬಿಟ್ಟೆವು. ಫಲಕವನ್ನು ದೊಡ್ಡದು ಮಾಡುವುದಕ್ಕಿಂತ ಬಯಕೆಯನ್ನು ಚಿಕ್ಕದು ಮಾಡುವುದು ಅಗ್ಗವೆಂಬುದು ನಾವು ಕಲಿತ ಮೊದಲ ಪಾಠ.

ಮುಂದಿನ ಲೆಕ್ಕವು ಸುಲಭವಾಯಿತು. ಬ್ಯಾಟರಿಗೆ ತುಂಬಿದ್ದೆಲ್ಲವೂ ಹಿಂದಕ್ಕೆ ಬರುವುದಿಲ್ಲ. ನೂರಕ್ಕೆ ಎಂಬತ್ತು ಬಂದರೆ, 352 ಪಡೆಯಲು 440 ತುಂಬಬೇಕು. ನಮ್ಮ ಕಡೆಯ ಬಿಸಿಲು ದಿನಕ್ಕೆ ಸುಮಾರು ಐದು ಗಂಟೆಗಳ ಪೂರ್ಣ ಬಿಸಿಲಿಗೆ ಸಮ. ಆದರೆ ಕಾವು, ಧೂಳು ಇತ್ಯಾದಿಗಳಿಂದ ಫಲಕವು ತನ್ನ ಹೆಸರಿನಷ್ಟನ್ನು ಕೊಡುವುದಿಲ್ಲ. ನೂರಕ್ಕೆ ಎಪ್ಪತ್ತು ಹಿಡಿದೆವು. ಹೀಗೆ ಭಾಗಿಸಿದರೆ 126 ವ್ಯಾಟು ಬರುತ್ತದೆ. ಮೋಡದ ದಿನಗಳನ್ನು ನೆನೆದು 165 ವ್ಯಾಟಿನದನ್ನು ಕೊಂಡೆವು. ಬ್ಯಾಟರಿಯನ್ನು ಪ್ರತಿರಾತ್ರಿ ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಷ್ಯ ಬೇಗ ತೀರುತ್ತದೆ. ಅದಕ್ಕಾಗಿ 60 ಆಂಪಿಯರ್-ಗಂಟೆ ಸಾಕಾಗುವಲ್ಲಿ 75ರದನ್ನು ಆರಿಸಿದೆವು.

ಇಲ್ಲಿ ಫಲಕದ ಗುಟ್ಟನ್ನು ಸ್ವಲ್ಪ ಹೇಳಬೇಕು. ಬೆಳಕು ಬಿದ್ದಾಗ ಕೆಲವು ವಸ್ತುಗಳಲ್ಲಿ ವಿದ್ಯುತ್ತು ಹುಟ್ಟುವುದನ್ನು 1839ರಲ್ಲಿ ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ ಎಂಬಾತನು ಕಂಡನು. ಆಗ ಅವನಿಗೆ ಹತ್ತೊಂಬತ್ತು ವರ್ಷ. ನಿಮಗಿಂತ ಮೂರು ನಾಲ್ಕು ವರ್ಷ ಹಿರಿಯನಷ್ಟೆ. ಆದರೆ ಉಪಯೋಗಕ್ಕೆ ಬರುವಂಥ ಸಿಲಿಕಾನ್ ಕೋಶವು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸಿದ್ಧವಾದದ್ದು 1954ರಲ್ಲಿ. ಅದು ತನ್ನ ಮೇಲೆ ಬಿದ್ದ ಬೆಳಕಿನ ನೂರರಲ್ಲಿ ಸುಮಾರು ಆರು ಪಾಲನ್ನು ಮಾತ್ರ ವಿದ್ಯುತ್ತಾಗಿಸುತ್ತಿತ್ತು. ಇಂದು ಪೇಟೆಯಲ್ಲಿ ಸಿಗುವ ಉತ್ತಮ ಫಲಕಗಳು ಇಪ್ಪತ್ತು ಪಾಲನ್ನೂ ಮೀರುತ್ತವೆ. ಒಂದೊಂದು ಕೋಶವು ಕೊಡುವುದು ಸುಮಾರು ಅರ್ಧ ವೋಲ್ಟು. ನಮ್ಮ ಫಲಕದಲ್ಲಿ ಇಂಥ 36 ಕೋಶಗಳು ಸಾಲಾಗಿ ಒಂದರ ಬಾಲಕ್ಕೊಂದು ಜೋಡಿಸಲ್ಪಟ್ಟಿವೆ. ಒಟ್ಟು ಸುಮಾರು 18 ವೋಲ್ಟು. ಹನ್ನೆರಡರ ಬ್ಯಾಟರಿಯನ್ನು ತುಂಬಲು ಹದಿನೆಂಟರ ಒತ್ತಡವು ಅನುಕೂಲ. ಇವೆರಡರ ನಡುವೆ ಚಾರ್ಜ್ ಕಂಟ್ರೋಲರ್ ಎಂಬ ಕಾವಲುಗಾರನಿರುತ್ತಾನೆ. ಬ್ಯಾಟರಿಯು ತುಂಬಿ ತುಳುಕದಂತೆ, ತೀರ ಬರಿದಾಗದಂತೆ, ರಾತ್ರಿ ವಿದ್ಯುತ್ತು ಫಲಕದ ಕಡೆಗೆ ಹಿಂದಕ್ಕೆ ಹರಿಯದಂತೆ ನೋಡಿಕೊಳ್ಳುವುದು ಅವನ ಕೆಲಸ.

ಸಾಲು ಜೋಡಣೆಯಲ್ಲಿ ಒಂದು ತೊಡಕುಂಟು. ಸಾಲಿನಲ್ಲಿ ಒಂದು ಕೋಶಕ್ಕೆ ನೆರಳು ಬಿದ್ದರೂ ಸಾಲಿನ ಪ್ರವಾಹವೇ ಕುಗ್ಗುತ್ತದೆ. ಮೆರವಣಿಗೆಯಲ್ಲಿ ಒಬ್ಬನು ನಿಂತರೆ ಹಿಂದಿನವರೆಲ್ಲರೂ ನಿಂತಂತೆ. ಆದ್ದರಿಂದ ಏಪ್ರಿಲ್ ತಿಂಗಳ ಒಂದು ರವಿವಾರ ಮಗಳೂ ನಾವೂ ಸೀಮೆಸುಣ್ಣವನ್ನು ಹಿಡಿದು ಮಾಳಿಗೆಯ ಮೇಲೆ ಕುಳಿತು, ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ ಹನ್ನೆರಡು, ಮೂರು ಗಂಟೆಗಳಿಗೆ ನೀರಿನ ತೊಟ್ಟಿಯ ನೆರಳಿನ ಸುತ್ತ ಗೆರೆ ಎಳೆದೆವು. ನಾಲ್ಕಡಿ ಎತ್ತರದ ತೊಟ್ಟಿಗೆ ಮಧ್ಯಾಹ್ನ ಬಿದ್ದದ್ದು ಮುಕ್ಕಾಲು ಅಡಿಗಿಂತ ಕಡಿಮೆ ನೆರಳು. ಆದರೆ ಡಿಸೆಂಬರಿನಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲಿರುತ್ತಾನೆ. ಆಗ ಅದೇ ತೊಟ್ಟಿಯ ಮಧ್ಯಾಹ್ನದ ನೆರಳು ಉತ್ತರಕ್ಕೆ ಮೂರೂಮುಕ್ಕಾಲು ಅಡಿಯಾಗುತ್ತದೆಂದು ಮಗಳು ತ್ರಿಕೋನಮಿತಿಯಿಂದ ಲೆಕ್ಕ ಹಾಕಿದಳು. ಫಲಕವನ್ನು ತೊಟ್ಟಿಯ ದಕ್ಷಿಣಕ್ಕೆ ಇಡುವುದೆಂದು ಗೊತ್ತಾಯಿತು.

ಫಲಕದ ಮುಖವು ದಕ್ಷಿಣಕ್ಕಿರಬೇಕು. ಓರೆಯು ಸುಮಾರಾಗಿ ಊರಿನ ಅಕ್ಷಾಂಶದಷ್ಟಿರಬೇಕು. ನಮ್ಮ ಊರಿಗೆ 19 ಡಿಗ್ರಿ. ಫಲಕದ ಉದ್ದ 148 ಸೆಂಟಿಮೀಟರ್. ಅದರ ಹಿಂಭಾಗವನ್ನು 48 ಸೆಂಟಿಮೀಟರ್ ಎತ್ತಿದರೆ 19 ಡಿಗ್ರಿಯ ಓರೆ ಬರುತ್ತದೆ. ಇದನ್ನೂ ಮಗಳೇ ಕೋಷ್ಟಕ ನೋಡಿ ಹೇಳಿದಳು. ಗುಜರಿಯಲ್ಲಿ ಕೊಂಡ ಕಬ್ಬಿಣದ ಕೋನಪಟ್ಟಿಗಳನ್ನು ಬೆಸುಗೆಯವನು ಆ ಅಳತೆಗೆ ಕೂಡಿಸಿಕೊಟ್ಟನು. ಮಾಳಿಗೆಗೆ ತೂತು ಕೊರೆದರೆ ಮುಂಬಯಿಯ ಮಳೆಯು ಆ ತೂತನ್ನು ಹುಡುಕಿಕೊಂಡು ಬರುವುದೆಂಬುದು ಎಲ್ಲರಿಗೂ ತಿಳಿದದ್ದೇ. ಆದ್ದರಿಂದ ಹಳೆಯ ಎಣ್ಣೆಡಬ್ಬಿಗಳಲ್ಲಿ ಕಾಂಕ್ರೀಟು ತುಂಬಿ, ನಾಲ್ಕು ಕಾಲುಗಳನ್ನು ಅವುಗಳಲ್ಲಿ ಹುಗಿದು ಒಣಗಿಸಿದೆವು. ಬಿರುಗಾಳಿಗೆ ಹೆದರಿ ಚೌಕಟ್ಟನ್ನು ಅಂಚಿನ ಮೋಟುಗೋಡೆಗೂ ತಂತಿಯಿಂದ ಬಿಗಿದೆವು.

ಮಿತವ್ಯಯವೆಂದರೆ ಎಲ್ಲೆಲ್ಲಿಯೂ ಕಡಿಮೆ ಕೊಡುವುದೆಂದಲ್ಲ. ಗುಜರಿಯ ಕಬ್ಬಿಣದಲ್ಲಿ ಹಣ ಉಳಿಸಿದೆವು, ತಂತಿಯಲ್ಲಿ ಉಳಿಸಲಿಲ್ಲ. ಕಡಿಮೆ ವೋಲ್ಟಿನಲ್ಲಿ ಪ್ರವಾಹವು ಹೆಚ್ಚು. ನಮ್ಮದು ಒಂಬತ್ತು ಆಂಪಿಯರ್. ಮಾಳಿಗೆಯಿಂದ ಕೋಣೆಗೆ ಎಂಟು ಮೀಟರ್, ಹೋಗಿ ಬರುವುದಕ್ಕೆ ಹದಿನಾರು. ತೆಳುವಾದ 2.5 ಚದರ ಮಿಲಿಮೀಟರಿನ ತಂತಿಯಲ್ಲಿ ಒಂದು ವೋಲ್ಟಿಗಿಂತಲೂ ಹೆಚ್ಚು ದಾರಿಯಲ್ಲಿಯೇ ಸೋರಿಹೋಗುತ್ತದೆ. 4 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ ಆ ಸೋರಿಕೆಯು ಮೂರನೆಯ ಎರಡು ಭಾಗಕ್ಕಿಂತ ಕೆಳಗಿಳಿಯುತ್ತದೆ. ದಪ್ಪನೆಯದನ್ನೇ ಕೊಂಡೆವು. ಹಾಗೆಯೇ ಫ್ಯೂಜು. ಹನ್ನೆರಡು ವೋಲ್ಟು ಮುಟ್ಟಿದರೆ ಹೊಡೆಯುವುದಿಲ್ಲವೆಂದು ಬ್ಯಾಟರಿಯನ್ನು ಹಗುರವಾಗಿ ಕಾಣಬಾರದು. ಅದರ ಎರಡು ತುದಿಗಳ ನಡುವೆ ಒಂದು ಪಾನಾ ಬಿದ್ದರೆ ನೂರಾರು ಆಂಪಿಯರ್ ಹರಿದು ಲೋಹವೇ ಕೆಂಪಗೆ ಕಾಯುತ್ತದೆ. ಆದುದರಿಂದ ಬ್ಯಾಟರಿಯ ಧನ ತುದಿಗೆ ಅಂಟಿದಂತೆಯೇ ಫ್ಯೂಜನ್ನು ಇಟ್ಟೆವು. ಕೆಲಸಕ್ಕೆ ಮೊದಲು ಬಳೆ, ಕೈಗಡಿಯಾರಗಳನ್ನು ತೆಗೆದಿಟ್ಟೆವು. ಬ್ಯಾಟರಿಯನ್ನು ಗಾಳಿಯಾಡುವ ಜಾಗದಲ್ಲಿ ಇರಿಸಿದೆವು. ತುಂಬುವಾಗ ಅದರಿಂದ ಹೊತ್ತಿಕೊಳ್ಳಬಲ್ಲ ಜಲಜನಕವು ಹೊರಬರುತ್ತದೆ. ಫಲಕಕ್ಕೆ ಬಿಸಿಲು ಬಿದ್ದ ಕ್ಷಣದಿಂದ ಅದು ಜೀವಂತವಾಗಿರುವುದರಿಂದ, ಜೋಡಿಸುವಾಗ ಅದರ ಮೇಲೆ ದಪ್ಪನೆಯ ಕಂಬಳಿಯನ್ನು ಹೊದಿಸಿದೆವು. ಮೊದಲು ಬ್ಯಾಟರಿಯನ್ನು ಕಂಟ್ರೋಲರಿಗೆ, ತರುವಾಯ ಫಲಕವನ್ನು, ಕೊನೆಗೆ ದೀಪಗಳನ್ನು ಜೋಡಿಸುವುದು ಕ್ರಮ. ಮನೆಯ 230 ವೋಲ್ಟಿನ ತಂತಿಗೆ ನಾವು ಕೈ ಹಚ್ಚಲಿಲ್ಲ. ಅದು ಪರವಾನಗಿಯುಳ್ಳ ವಿದ್ಯುತ್ ಕೆಲಸಗಾರನ ವಿದ್ಯೆ. ವಿದ್ಯಾರ್ಥಿ ಮಿತ್ರರೇ, ನೀವು ಲೆಕ್ಕವನ್ನು ಎಷ್ಟಾದರೂ ಮಾಡಿರಿ. ತಂತಿಯನ್ನು ಮುಟ್ಟುವುದು ಮಾತ್ರ ಬಲ್ಲ ಹಿರಿಯರ ಎದುರಿನಲ್ಲಿಯೇ ಆಗಲಿ.

ಖರ್ಚಿನ ವಿವರ ಹೀಗಿದೆ. ಫಲಕಕ್ಕೆ 6,200 ರೂಪಾಯಿ, ಬ್ಯಾಟರಿಗೆ 8,400, ಕಂಟ್ರೋಲರಿಗೆ 1,100, ಚೌಕಟ್ಟಿಗೆ 1,250, ತಂತಿ, ಫ್ಯೂಜು ಮುಂತಾದವಕ್ಕೆ 1,650, ಪಂಖೆಗೆ 2,300, ಮೂರು ದೀಪಗಳಿಗೆ 450. ಒಟ್ಟು 21,350. ಉಳಿದದ್ದು 650.

ಮೇ ತಿಂಗಳ ಮೊದಲ ವಾರದಲ್ಲಿ ಕಂಬಳಿಯನ್ನು ತೆಗೆದೆವು. ಕಂಟ್ರೋಲರಿನ ಪುಟ್ಟ ಕಿಟಕಿಯಲ್ಲಿ ಏಳು ಆಂಪಿಯರ್ ಎಂಬ ಅಂಕಿ ಮೂಡಿತು. ಒಂಬತ್ತು ಬರಬೇಕಲ್ಲವೇ ಎಂದು ಮಗಳು ಕೇಳಿದಳು. ಕಾದ ಫಲಕವು ಕಡಿಮೆ ಕೊಡುತ್ತದೆ. ಫಲಕಕ್ಕೆ ಬೇಕಾದದ್ದು ಬೆಳಕು, ಕಾವಲ್ಲ. ಬಿರುಬೇಸಗೆಗಿಂತ ತಂಪಾದ ಗಾಳಿ ಬೀಸುವ ಡಿಸೆಂಬರ್, ಜನವರಿಗಳ ನಿರ್ಮಲ ಮಧ್ಯಾಹ್ನಗಳಲ್ಲಿ ಅದು ಹೆಚ್ಚು ಲವಲವಿಕೆಯಿಂದ ಇರುವುದನ್ನು ನಾವು ಆಮೇಲೆ ಕಂಡೆವು.

ಜುಲೈ ತಿಂಗಳು ಬಂದಾಗ ನಿಜವಾದ ಪರೀಕ್ಷೆಯಾಯಿತು. ಸತತವಾಗಿ ಎಂಟು ದಿನ ಸೂರ್ಯನ ಮುಖವಿಲ್ಲ. ಕಿಟಕಿಯಲ್ಲಿ ಒಂದು ಆಂಪಿಯರ್, ಒಂದೂವರೆ. ಊರಿನ ವಿದ್ಯುತ್ತು ಇದ್ದ ಹೊತ್ತಿನಲ್ಲೆಲ್ಲ ನಾವು ಅದನ್ನೇ ಬಳಸಿ, ಬ್ಯಾಟರಿಯಲ್ಲಿದ್ದುದನ್ನು ಕೃಪಣರಂತೆ ಕಾಯ್ದೆವು. ಆರನೆಯ ರಾತ್ರಿ ಊರೆಲ್ಲ ಕತ್ತಲಾಯಿತು. ಒಂದೇ ದೀಪ, ಒಂದೇ ಪಂಖೆ ಎಂದು ಗೊತ್ತುಮಾಡಿದೆವು. ಮಗಳು ದೀಪವನ್ನು ಅಜ್ಜಿಯ ಕೋಣೆಗೆ ಒಯ್ದು ಅಲ್ಲಿಯೇ ಓದಿದಳು. ಪಕ್ಕದ ಮನೆಯ ಇಬ್ಬರು ಮರಾಠಿ ಮಕ್ಕಳೂ ತಮ್ಮ ಪುಸ್ತಕಗಳೊಡನೆ ಬಂದು ಅದೇ ದೀಪದ ಸುತ್ತ ಕುಳಿತರು. ತಾಯಿಯವರು ಆ ರಾತ್ರಿ ಬಾಗಿಲ ಬಳಿಗೆ ಹೋಗಲಿಲ್ಲ. ಮಕ್ಕಳ ಗುನುಗಿನ ನಡುವೆ ನಿದ್ರೆ ಹೋದರು. ಇಪ್ಪತ್ತೊಂದು ಸಾವಿರಕ್ಕೆ ನಾವು ಕೊಂಡದ್ದು ಏನೆಂಬುದು ನಮಗೆ ಆಗ ತಿಳಿಯಿತು.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಕೆಂದರೆ ಬಿಸಿಲಿನ ವಿದ್ಯುತ್ತಿನಿಂದ ಹಣ ಉಳಿಯುತ್ತದೆಂದು ಎಲ್ಲರೂ ಹೇಳುತ್ತಾರೆ. ನಮ್ಮ ಲೆಕ್ಕ ಹಾಗೆನ್ನುವುದಿಲ್ಲ. ದಿನಕ್ಕೆ 352 ವ್ಯಾಟ್-ಗಂಟೆಯಂತೆ ತಿಂಗಳಿಗೆ ಹತ್ತೂವರೆ ಯೂನಿಟ್ಟು. ಯೂನಿಟ್ಟಿಗೆ ಎಂಟು ರೂಪಾಯಿ ಹಿಡಿದರೂ ಉಳಿತಾಯವು 84 ರೂಪಾಯಿ. ಹಾಕಿದ ಹಣ ಮರಳಲು ಇಪ್ಪತ್ತೊಂದು ವರ್ಷ ಬೇಕು. ಅಷ್ಟರಲ್ಲಿ ಬ್ಯಾಟರಿಯು ನಾಲ್ಕು ಸಲ ಸತ್ತು ಹುಟ್ಟಿರುತ್ತದೆ. ಬಿಲ್ಲನ್ನು ಇಳಿಸುವುದೇ ಗುರಿಯಾದರೆ ಮೊದಲು ಹೇಳಿದ, ಬ್ಯಾಟರಿಯಿಲ್ಲದ ದಾರಿಯೇ ಸರಿ. ನಾವು ಕೊಂಡದ್ದು ಯೂನಿಟ್ಟುಗಳನ್ನಲ್ಲ. ಬೇಕಾದ ಹೊತ್ತಿನಲ್ಲಿ ದೀಪವು ಇದ್ದೇ ಇರುತ್ತದೆಂಬ ಭರವಸೆಯನ್ನು. ತಾನು ಕೊಳ್ಳುವುದು ಏನನ್ನೆಂದು ತಿಳಿದು ಕೊಳ್ಳುವವನಿಗೆ ಮೋಸವಿಲ್ಲ.

ಇಂಥ ಸಣ್ಣ ದೀಪಕ್ಕೂ ಒಂದು ಪರಂಪರೆಯುಂಟು. ಬೆಂಗಳೂರಿನಲ್ಲಿ 1995ರಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆಯು ಬಡವರ ಮನೆಗಳಿಗೆ ಸೌರದೀಪಗಳನ್ನು, ಅವರ ಸಂಪಾದನೆಗೆ ಹೊಂದುವ ಕಂತುಗಳ ಏರ್ಪಾಡಿನೊಡನೆ, ಮುಟ್ಟಿಸಿತು. ಅದರ ಸ್ಥಾಪಕರಲ್ಲೊಬ್ಬರಾದ ಹರೀಶ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತು. ಇನ್ನೊಂದು ತುದಿಯಲ್ಲಿ, ತುಮಕೂರು ಜಿಲ್ಲೆಯ ಪಾವಗಡದ ಬರಭೂಮಿಯಲ್ಲಿ, ರೈತರಿಂದ ಗೇಣಿಗೆ ಪಡೆದ ಸುಮಾರು 13,000 ಎಕರೆಗಳ ಮೇಲೆ 2,050 ಮೆಗಾವ್ಯಾಟಿನ ಸೌರ ಉದ್ಯಾನವು ಎದ್ದಿದೆ. ನಮ್ಮ ಫಲಕದಂಥವು ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಕೂಡಿದರೆ ಅಷ್ಟಾಗುತ್ತದೆ. ಆದರೂ ಅಲ್ಲಿಯ ಬಿಸಿಲಿಗೂ ನಮ್ಮ ಮಾಳಿಗೆಯ ಬಿಸಿಲಿಗೂ ನಿಯಮವು ಒಂದೇ.

ಬಾವಿಯ ಹಗ್ಗವು ಸವೆಯುವಂತೆ ಬ್ಯಾಟರಿಯೂ ಸವೆಯುತ್ತದೆ; ನಾಲ್ಕೈದು ವರ್ಷಗಳಿಗೆ ಹೊಸದು ಬೇಕು. ಹಳೆಯದರಲ್ಲಿ ಸೀಸವೆಂಬ ವಿಷವಿರುವುದರಿಂದ ಅದನ್ನು ಗುಜರಿಗೆ ಹಾಕದೆ ಮಾರಿದವನಿಗೇ ಹಿಂದಿರುಗಿಸಬೇಕು. ಆ ಉಳಿದ 650 ರೂಪಾಯಿಗಳನ್ನು ಒಂದು ಡಬ್ಬಿಯಲ್ಲಿ ಹಾಕಿ, ತಿಂಗಳಿಗೆ 150ರಂತೆ ಸೇರಿಸುತ್ತಿದ್ದೇವೆ. ಬಿಸಿಲು ನಮಗೆ ಬಿಲ್ಲು ಕಳಿಸುವುದಿಲ್ಲ. ಆದುದರಿಂದ ನಾವೇ ನಮಗೆ ಕಳಿಸಿಕೊಳ್ಳುತ್ತೇವೆ. ತಿಂಗಳ ಮೊದಲನೆಯ ತಾರೀಖಿಗೆ ಹಣವನ್ನು ಡಬ್ಬಿಗೆ ಹಾಕುವುದು, ಒದ್ದೆಬಟ್ಟೆಯಿಂದ ಫಲಕದ ಧೂಳನ್ನು ಒರೆಸುವುದು, ಇವೆರಡೂ ಮಗಳ ಕೆಲಸ. ಬರುವ ಮಾರ್ಚಿನಲ್ಲಿ ಆಕೆಯ ಎಸ್.ಎಸ್.ಸಿ. ಪರೀಕ್ಷೆ. ಫಲವು ಏನಾಗುವುದೋ ನಾವು ಹೇಳಲಾರೆವು. ಕತ್ತಲೆಯಾಯಿತೆಂದು ಆಕೆ ಪುಸ್ತಕ ಮುಚ್ಚಿದ ಸಂಜೆ ಮಾತ್ರ ಈ ವರ್ಷ ಒಂದೂ ಇಲ್ಲ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಅನೇಕರಿಗೆ ಸ್ವಂತ ಮಾಳಿಗೆ ಇರಲಾರದು. ಚಿಂತೆಯಿಲ್ಲ. ಇಂದು ಮನೆಗೆ ಹೋದ ಮೇಲೆ ಪಟ್ಟಿಯ ಕೊನೆಯ ಹಾಳೆಯನ್ನು ತೆರೆಯಿರಿ. ಮನೆಯಲ್ಲಿರುವ ದೀಪ, ಪಂಖೆಗಳ ಮೇಲೆ ಬರೆದಿರುವ ವ್ಯಾಟುಗಳನ್ನು ಒಂದು ಸಾಲಿನಲ್ಲಿ, ಅವು ನಡೆಯುವ ಗಂಟೆಗಳನ್ನು ಇನ್ನೊಂದು ಸಾಲಿನಲ್ಲಿ ಬರೆಯಿರಿ, ಗುಣಿಸಿ, ಕೂಡಿಸಿರಿ. ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಪಂಖೆಯು ಆ ಲೆಕ್ಕದಲ್ಲಿ ಕೂಡಲೇ ಸಿಕ್ಕಿಬೀಳುತ್ತದೆ. ಎದ್ದು ಹೋಗಿ ಅದನ್ನು ಆರಿಸಿರಿ. ಫಲಕವನ್ನು ಎಂದಾದರೂ ಕೊಳ್ಳುವಿರಂತೆ. ಆ ದಿನ ನಿಮಗೆ ಅದು ನಮಗಿಂತಲೂ ಅಗ್ಗವಾಗಿ ದೊರೆಯುವುದರಲ್ಲಿ ಸಂದೇಹವಿಲ್ಲ.